ಬೋರಗುತ್ತಿಯ ವಾಯಿದೆ

ಮಾಘ ಮುಗಿಯುತ್ತ ಬಂದಿತ್ತು. ಕುಸುಬಿ ಕೀಳುವವರು ಇಬ್ಬನಿ ಆರುವುದರೊಳಗೆ ಹೊಲದಲ್ಲಿರಬೇಕು. ಬಿಸಿಲೇರಿದರೆ ಅದರ ಮುಳ್ಳು ಸೂಜಿಯಾಗುತ್ತದೆ. ನೆನೆದಾಗ ಮಾತ್ರ ಒಂದಿಷ್ಟು ಬಾಗುತ್ತದೆ. ಕಾಶವ್ವ ಎರಡೂ ಕೈಗೆ ಗೋಣಿತಟ್ಟು ಸುತ್ತಿಕೊಂಡು ಸಾಲು ಹಿಡಿದಿದ್ದಳು. ಬುಡಕ್ಕೆ ಕೈ ಹಾಕಿ, ಒಮ್ಮೆ ತಿರುವಿ, ಜಗ್ಗುವುದು. ಮಣ್ಣು ಝಾಡಿಸಿ ಹಿಂದಕ್ಕೆ ಒಗೆಯುವುದು. ತಟ್ಟು ದಾಟಿ ಮುಳ್ಳು ನಟ್ಟರೆ ಬೆರಳು ಬಾಯಿಗಿಟ್ಟು ರಕ್ತ ಚೀಪಿ, ಉಗುಳಿ, ಮತ್ತೆ ಬಗ್ಗುವುದು. ಮಗ ರೇವಣ ಹಿಂದಿನಿಂದ ಗುಡ್ಡೆ ಹಾಕುತ್ತ ಬರುತ್ತಿದ್ದ.

ಬದುವಿನ ಆಚೆ ಶಿವಗೊಂಡಪ್ಪನ ಹೊಲ. ಅಲ್ಲಿಯೂ ಕುಸುಬಿ, ಅಲ್ಲಿಯೂ ಅದೇ ಕೆಲಸ.

"ರೇವಣಾ, ನಿಮ್ಮವ್ವನ ಸಾಲು ಮುಂದ ಹೋತಲ್ಲೋ. ಗಂಡಸಾಗಿ ಹಿಂದ ನಿಂತು ಗುಡ್ಡಿ ಹಾಕತಿಯೇನ?" ಎಂದು ಶಿವಗೊಂಡಪ್ಪ ಆಚೆಯಿಂದ ಕೂಗಿದ. ಅರವತ್ತು ದಾಟಿದ ಆಳು, ಧ್ವನಿ ಇನ್ನೂ ಗಟ್ಟಿ.

"ಆಕಿ ಕೈಗೆ ಮುಳ್ಳ ಅಂಜತಾವ ಮುತ್ಯಾ. ನನ್ನ ಕಂಡ್ರ ಓಡಿ ಬರ್ತಾವ."

"ಹಂಗಾರ ಲಗ್ನಾ ಮಾಡ್ಕೋ. ಮುಳ್ಳಿನ ರೂಢಿ ಆಗತೈತಿ."

ಎರಡೂ ಹೊಲದವರು ನಕ್ಕರು. ಕಾಶವ್ವನೂ ನಕ್ಕಳು. ಅವಳ ಗಂಡ ಹನಮಪ್ಪನನ್ನು ಇದೇ ಬದುವಿನ ಮೇಲೆ ಕಡಿದು ಹಾಕಿದವನು ಈ ಶಿವಗೊಂಡಪ್ಪನೇ.

ಆಗ ರೇವಣ ಹೊಟ್ಟೆಯಲ್ಲಿದ್ದ. ಕಾಶವ್ವ ಬುತ್ತಿ ಹೊತ್ತು ಬರುತ್ತಿದ್ದಳು. ಬದುವಿನ ಬನ್ನಿಮರದ ಟೊಂಗೆ ಯಾರದೆಂದು ಮಾತು ಬೆಳೆದಿತ್ತು. ಮೊದಲ ಏಟು ಭುಜಕ್ಕೆ ಬಿತ್ತು. ಹನಮಪ್ಪ ಹೆಂಡತಿಯ ಕಡೆಗೆ ಓಡಿಬಂದ, ಜೋತಾಡುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ಎರಡನೆಯದು ಕುತ್ತಿಗೆಗೆ ಬಿತ್ತು. ಬುತ್ತಿಯ ಮೇಲೆ ಮುಚ್ಚಿದ್ದ ಬಿಳಿ ಅರಿವೆ ಕೆಂಪಾದದ್ದನ್ನು ಅವಳು ಮರೆತಿರಲಿಲ್ಲ. ಅದಕ್ಕೂ ಹಿಂದೆ ಹನಮಪ್ಪನ ಅಪ್ಪ ಶಿವಗೊಂಡಪ್ಪನ ಕಾಕನನ್ನು ಕಣಿಕೆಯ ಬಣವೆಯಲ್ಲಿ ಸುಟ್ಟಿದ್ದ. ಅದರ ಹಿಂದಿನದು ಯಾರಿಗೂ ಸರಿಯಾಗಿ ನೆನಪಿಲ್ಲ.

ಬೋರಗುತ್ತಿಯಲ್ಲಿ ಒಂದು ರೂಢಿ. ಕೊಲೆ ಕೋರ್ಟಿಗೆ ಹೋಯಿತೆಂದರೆ ಎರಡೂ ಮನೆಯ ಹಿರಿಯರು ರಕ್ತ ಬಿದ್ದ ಜಾಗದ ಮಣ್ಣು ಹಿಡಿದು ದ್ಯಾಮವ್ವನ ಮುಂದೆ ಆಣೆ ಮಾಡಬೇಕು: ಪೈಸಲಾ ಬೀಳುವತನಕ ಯಾರೂ ಕೈ ಎತ್ತುವಂತಿಲ್ಲ. ಇದರಲ್ಲಿ ಕ್ಷಮೆಯೇನೂ ಇಲ್ಲ. ಹಗೆಯನ್ನು ತಲೆಯಿಂದಿಳಿಸಿ ಕೋರ್ಟಿನ ಕಟ್ಟೆಯ ಮೇಲಿಡುವುದು, ಅಷ್ಟೆ. ತೀರ್ಪು ಬಂದ ದಿನ ಆಣೆ ಬಿಡುತ್ತದೆ. ಇಟ್ಟದ್ದನ್ನು ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ. ಆದ್ದರಿಂದ ಎರಡೂ ಮನೆಯವರು ಕೂಡಿಯೇ ಪೈಸಲಾ ಬೀಳದಂತೆ ನೋಡಿಕೊಂಡರು. ದಿನ ಮುಂದೂಡಿಸಿ ವಾಯಿದೆ ಪಡೆಯುತ್ತ ಹೋದರು: ಒಂದಕ್ಕೆ ಇವರ ಸಾಕ್ಷಿಗೆ ಚಳಿಜ್ವರ, ಇನ್ನೊಂದಕ್ಕೆ ಅವರ ವಕೀಲರ ಮನೆಯಲ್ಲಿ ಸೂತಕ. ಹೀಗೆ ಹತ್ತೊಂಬತ್ತು ವರ್ಷ, ಶಿವಗೊಂಡಪ್ಪ ಜಾಮೀನಿನ ಮೇಲೆ ಊರಲ್ಲೇ ಇದ್ದ. ಆ ವರ್ಷಗಳಲ್ಲಿ ರೇವಣ ಹುಟ್ಟಿದ, ಶಿವಗೊಂಡಪ್ಪನ ಎಮ್ಮೆಯ ಹಾಲು ಕುಡಿದ, ಅವನ ಮಗ ಸತ್ತೆಪ್ಪನ ಹಿಂದೆ ಕುಳಿತು ಟ್ರ್ಯಾಕ್ಟರ್ ಕಲಿತ.

ಅವತ್ತು ಬಿಸಿಲು ಇನ್ನೂ ಏರಿರಲಿಲ್ಲ. ಬದುವಿನ ಎರಡೂ ಕಡೆಯ ಫೋನುಗಳು ಒಟ್ಟಿಗೇ ಗುಂಯ್‌ಗುಟ್ಟಿದವು. ರೇವಣ ತನ್ನದನ್ನು ಓದಿ ತಾಯಿಯ ಮುಖ ನೋಡಿದ.

"ಯವ್ವಾ, ಸರದಿಯೊಳಗ ನಮ್ಮ ಕೇಸು ಬಂದೈತಿ. ಬರೂ ಸೋಮವಾರ ಚಾಲೂ. ದಿನಾ ನಡೀತೈತಂತ, ಪೈಸಲಾ ಬೀಳೂತನಕ."

ಆಚೆ ಶಿವಗೊಂಡಪ್ಪ ಕಿತ್ತ ಗಿಡ ಕೈಯಲ್ಲೇ ಹಿಡಿದು ನಿಂತಿದ್ದ. ಬಹಳ ಹೊತ್ತು ಯಾರೂ ಬಗ್ಗಲಿಲ್ಲ.

*

'ಸರದಿ' ಎಂಬ ಕಂಪ್ಯೂಟರ್ ವ್ಯವಸ್ಥೆ ಇದ್ದದ್ದು ಜಿಲ್ಲಾ ಕೋರ್ಟಿನ ಮೇಲ್ಮಹಡಿಯಲ್ಲಿ, ಹಿಂದೆ ಹಳೆ ಕಡತ ಒಟ್ಟುತ್ತಿದ್ದ ಕೋಣೆಯಲ್ಲಿ. ಅದನ್ನು ಕಟ್ಟಿದವಳು ಸೌದಾಮಿನಿ. ಕಾರ್ಖಾನೆಗಳಲ್ಲಿ ಯಾವ ಯಂತ್ರಕ್ಕೆ ಯಾವ ಕೆಲಸ ಯಾವಾಗ ಕೊಡಬೇಕೆಂದು ಲೆಕ್ಕ ಹಾಕುವ ಗಣಿತ ಅವಳ ಕಸುಬು. ಅದೇ ಗಣಿತವನ್ನು ಅವಳು ಕೋರ್ಟಿಗೆ ತಂದಿದ್ದಳು. ನ್ಯಾಯಾಧೀಶರ ಒಂದೊಂದು ತಾಸೂ ಒಂದು ಯಂತ್ರ, ಒಂದೊಂದು ಮೊಕದ್ದಮೆಯೂ ಒಂದು ಕೆಲಸ. ಯಾವ ಹಳ್ಳಿಯ ಬಸ್ಸು ಎಷ್ಟಕ್ಕೆ ಬರುತ್ತದೆ, ಯಾವ ವಕೀಲ ಯಾವ ಹಾಲಿನಲ್ಲಿದ್ದಾನೆ, ಯಾವ ಸಾಕ್ಷಿ ಬರುವವನು, ಯಾವನು ತಪ್ಪಿಸಿಕೊಳ್ಳುವವನು, ಎಲ್ಲವೂ ಅದಕ್ಕೆ ಗೊತ್ತು. ತಪ್ಪಿಸಿಕೊಳ್ಳುವವನ ಮನೆಯ ಮುಂದೆ ಪೊಲೀಸು ಜೀಪು ಎಷ್ಟು ಗಂಟೆಗೆ ನಿಲ್ಲಬೇಕೆಂದೂ ಅದೇ ಹೇಳುತ್ತಿತ್ತು. ಎರಡು ವರ್ಷದಲ್ಲಿ ಜಿಲ್ಲೆಯ ಬಾಕಿ ಮೊಕದ್ದಮೆಗಳ ಮುಕ್ಕಾಲು ಪಾಲು ಕರಗಿತ್ತು.

ವಾಯಿದೆಯ ಮೇಲೆ ಅವಳಿಗೆ ಹೊಟ್ಟೆಯೊಳಗಿನ ಸಿಟ್ಟಿತ್ತು. ಅವಳ ಸೋದರಮಾವನನ್ನು ಮಾಡದ ಕಳವಿಗೆ ಹಿಡಿದು ಒಳಗೆ ಹಾಕಿದ್ದರು. ಸಾಕ್ಷಿ ಬರಲಿಲ್ಲ, ವಾಯಿದೆಯ ಮೇಲೆ ವಾಯಿದೆ ಬಿದ್ದವು. ಜೈಲಿನಲ್ಲಿ ಒಬ್ಬ ಕೈದಿ ಊಟದ ತಟ್ಟೆಯ ಅಂಚಿನಿಂದ ಅವನ ಕಣ್ಣು ಕಿತ್ತ. ಅದು ಕೀವಾಗಿ, ಮಿದುಳಿಗೇರಿ ಮಾವ ಸತ್ತ. ನಿರಪರಾಧಿ ಎಂಬ ತೀರ್ಪು ಮುಂದಿನ ವರ್ಷ ಬಂತು.

ಅವಳು ಹಳೆಯ ಮೊಕದ್ದಮೆಗಳನ್ನೆಲ್ಲ ಜಾಲಾಡಿ ಒಂದು ಸಂಗತಿ ಕಂಡುಕೊಂಡಿದ್ದಳು. ಎಲ್ಲಿ ಎರಡೂ ಕಡೆಯವರು ಕೂಡಿಯೇ ವಾಯಿದೆ ಕೇಳುತ್ತಾರೋ ಅಲ್ಲಿ ಸಾಕ್ಷ್ಯ ಕೊಳೆಯುತ್ತದೆ, ಯಾರೋ ಯಾರನ್ನೋ ಕೊಂಡಿರುತ್ತಾರೆ. ಆದ್ದರಿಂದ ಜಂಟಿ ಬೇಡಿಕೆ ಬಂದ ಕೂಡಲೇ ಆ ಮೊಕದ್ದಮೆ ಎಲ್ಲಕ್ಕಿಂತ ಮುಂದೆ ಬರುವಂತೆ ಸರದಿಗೆ ಕಲಿಸಿದ್ದಳು.

*

ಮರುದಿನ ಅವಳ ಮೇಜಿನ ಮುಂದೆ ಇಬ್ಬರು ಬಂದು ಕುಳಿತರು. ಕೈತುಂಬ ಮುಳ್ಳಿನ ಗೀರಿದ್ದ ಹೆಂಗಸು, ಹಳದಿ ರುಮಾಲಿನ ಮುದುಕ.

"ಏನಾಗಬೇಕಿತ್ತು?"

"ಒಂದು ವಾಯಿದೆ ಬೇಕಾಗಿತ್ರಿ ಬಾಯಾರ," ಎಂದಳು ಕಾಶವ್ವ. "ಮುಂದಿಂದು. ಎಷ್ಟ ದೂರ ಆದ್ರ ಅಷ್ಟ ಚೊಲೊ."

"ನೀವು ಯಾವ ಪಕ್ಷ?"

"ನನ್ನ ಗಂಡಂದು ಕೊಲಿ ಕೇಸ್ರಿ."

"ಇವರು?"

"ಇಂವಾನ ಅವನ್ನ ಕೊಂದಾಂವ್ರಿ. ಇಬ್ರೂ ಒಂದ ಬಸ್ಸಿಗೆ ಬಂದಿವಿ."

ಶಿವಗೊಂಡಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಹೌದ್ರಿ," ಎಂದ, ಯಾರೋ ಊರಿನ ಹೆಸರು ಕೇಳಿದಂತೆ.

ಸೌದಾಮಿನಿಗೆ ಒಮ್ಮೆ ನಗು ಬಂತು, ಆಮೇಲೆ ಭಯ ಬಂತು. "ಅಮ್ಮಾ, ಇವರು ಹೆದರಿಸಿ ಕರೆತಂದಿದ್ದಾರಾ? ಬೇಕಾದರೆ ಅವರನ್ನು ಹೊರಗೆ ಕಳಿಸ್ತೇನೆ."

"ಇಂವಾ ನನ್ನೇನ ಅಂಜಿಸ್ತಾನ್ರಿ? ಬಸ್ಸಿನ್ಯಾಗ ಕಿಡಕಿ ಕಡೆ ನಾನ ಕುಂತಿದ್ದೆ." ಕಾಶವ್ವ ಮುಂದಕ್ಕೆ ಬಾಗಿದಳು. "ಪೈಸಲಾ ಆತಂದ್ರ ಆಣಿ ಬಿಡತೈತ್ರಿ. ಇಂವಾ ಬಿಡುಗಡಿ ಆದ್ರ ನನ್ನ ಮಗಾ ಇವನ್ನ ಕಡೀಬೇಕು. ಇಂವಾ ಜೇಲಿಗೆ ಹೋದ್ರ ಇವನ ಮಗಾ ಸತ್ತೆಪ್ಪ ನನ್ನ ಮಗನ್ನ ಕಡೀತಾನ. ಎರಡೂ ಕಡಿ ಹೆಣಾನ. ಕೇಸು ನಡದಿದ್ರ ಯಾರೂ ಯಾರನ್ನೂ ಮುಟ್ಟಂಗಿಲ್ಲ. ನಡೀಲಿ ಬಿಡ್ರಿ."

"ನ್ಯಾಯ ಬೇಡವೇ ನಿಮಗೆ?"

"ನನಗ ಮಗಾ ಬೇಕ್ರಿ."

ಸೌದಾಮಿನಿ ತನಗೆ ತಿಳಿದ ರೀತಿಯಲ್ಲಿ ತಿಳಿಸಿ ಹೇಳಿದಳು. ಗಿರಣಿಯ ಮುಂದೆ ಪಾಳಿ ಹಚ್ಚುತ್ತೀರಲ್ಲ, ಸಣ್ಣ ಗಂಟಿನವರನ್ನು ಮೊದಲು ಬಿಟ್ಟರೆ ಎಲ್ಲರ ಕಾಯುವಿಕೆ ಒಟ್ಟಿನಲ್ಲಿ ಕಡಿಮೆಯಾಗುತ್ತದೆ. ಕೋರ್ಟೂ ಹಾಗೆಯೇ. ಒಬ್ಬರು ತಡ ಮಾಡಿದರೆ ಹಿಂದಿನವರೆಲ್ಲ ಸಾಯುತ್ತಾರೆ. ನಿಜವಾಗಿ ಸಾಯುತ್ತಾರೆ.

"ಗಿರಣ್ಯಾಗ ಹಿಟ್ಟ ಬರತೈತ್ರಿ," ಎಂದಳು ಕಾಶವ್ವ.

ಶಿವಗೊಂಡಪ್ಪ ಮೊದಲ ಸಲ ತಾನಾಗಿ ಬಾಯಿಬಿಟ್ಟ. "ನನಗ ಸಾಯೂ ಅಂಜಿಕಿ ಇಲ್ರಿ. ನಾ ಮಾಡಿದ್ದು ನಾ ಉಣಬೇಕು. ಹುಡುಗೂರು ಎರಡೂ ಮನ್ಯಾಗ ಒಂದ ತಾಟಿನ್ಯಾಗ ಉಂಡಾವ. ಅವು ಒಂದನೊಂದು ಕಡ್ಯಾಕ ಹೊಂಟ್ರ ನೋಡಾಕ ಆಗಂಗಿಲ್ಲ."

ಅವರು ಎದ್ದುಹೋದ ಮೇಲೆ ಅವಳು ಪ್ರಾಮಾಣಿಕವಾಗಿಯೇ ಎಲ್ಲವನ್ನೂ ಸರದಿಗೆ ತುಂಬಿದಳು: ಇಬ್ಬರೂ ಜಂಟಿಯಾಗಿ ವಾಯಿದೆ ಕೇಳಿದ್ದಾರೆ, ಕಾರಣ ಜೀವಭಯ. ಪರದೆ ಒಂದು ಕ್ಷಣ ಮಿನುಗಿತು. ಮೊಕದ್ದಮೆ ಸೋಮವಾರದಿಂದ ನಾಳೆಗೆ ಜಿಗಿಯಿತು. ತನ್ನ ಕೈಯಾರೆ ಬರೆದ ನಿಯಮವನ್ನು ಅವಳು ಮರೆತಿದ್ದಳು.

ಅವಳು ಓಡಿದ್ದು ನ್ಯಾಯಾಧೀಶರ ಕೋಣೆಗೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು. "ಕೊಲೆಗೆ ಹೆದರಿ ಕೋರ್ಟು ಬಾಗಿಲು ಹಾಕಿಕೊಂಡರೆ ಅದು ಕೋರ್ಟಲ್ಲ, ಸೌದಾಮಿನಿಯವರೇ. ಊರಿಗೆ ಪೊಲೀಸರನ್ನು ಕಳಿಸುತ್ತೇನೆ. ವಾಯಿದೆ ಕೊಡುವುದಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಸಿಗಲಿಲ್ಲ.

*

ವಿಚಾರಣೆ ಒಂದು ವಾರವೂ ಹಿಡಿಯಲಿಲ್ಲ. ಕಂಡ ಸಾಕ್ಷಿಗಳಲ್ಲಿ ಬಹಳ ಜನ ಸತ್ತಿದ್ದರು. ಬದುಕಿದ್ದವರನ್ನು ಸರದಿ ಹೇಳಿದ ಹೊತ್ತಿಗೆ ಜೀಪು ತಂದು ಇಳಿಸಿತು. ಅವರು ಮರೆತುಹೋಗಿದೆ ಎಂದರು. ಕಾಶವ್ವ ಕಟ್ಟೆ ಹತ್ತಿ ತುಟಿ ಬಿಚ್ಚಲಿಲ್ಲ. ಕಂಡೆ ಎಂದರೆ ಮಗ ಸಾಯುತ್ತಾನೆ, ಕಾಣಲಿಲ್ಲ ಎಂದರೆ ಮಗ ಕೊಲ್ಲುತ್ತಾನೆ. ಸುಮ್ಮನಿದ್ದರೆ ದಿನ ಮುಂದೂಡಿಯಾರೆಂದು ಅವಳ ಆಸೆ. ಯಾರೂ ಮುಂದೂಡಲಿಲ್ಲ. ಶಿವಗೊಂಡಪ್ಪ ಬಿಡುಗಡೆಯಾದ.

ತೀರ್ಪು ಕೇಳಿ ಅವನು ಕಟಕಟೆಯಲ್ಲೇ ಕುಸಿದು ಕುಳಿತ. ಪೊಲೀಸಿನವನು, "ಏ ಮುದುಕಾ, ಬಿಟ್ಟಾರೋ ನಿನ್ನ, ನಗು," ಎಂದು ರಟ್ಟೆ ಹಿಡಿದೆತ್ತಿದ.

ಅಂಗಳ ದಾಟುವ ಮುಂಚೆಯೇ ಹನಮಪ್ಪನ ತಮ್ಮ ದುಂಡಪ್ಪ ಸತ್ತೆಪ್ಪನ ಮುಖಕ್ಕೆ ಇಟ್ಟಿಗೆ ಬೀಸಿದ. ಹಲ್ಲು ಎರಡು ನೆಲಕ್ಕೆ ಬಿದ್ದವು. ಸತ್ತೆಪ್ಪ ಅವನ ಕಿವಿ ಕಚ್ಚಿ ಹರಿದ. ಪೊಲೀಸರು ಲಾಠಿಯಿಂದ ಬಿಡಿಸಿದರು. ರೇವಣ ಅರಳಿಕಟ್ಟೆಯ ಹತ್ತಿರ ಕೈ ಜೋತುಬಿಟ್ಟು ನಿಂತಿದ್ದ. ಅವನನ್ನು ಇನ್ನೂ ಯಾರೂ ಹೊಡೆದಿರಲಿಲ್ಲ, ಅವನೂ ಯಾರನ್ನೂ ಹೊಡೆದಿರಲಿಲ್ಲ.

ಮನೆಯಲ್ಲಿ ದುಂಡಪ್ಪ ಕಿವಿಗೆ ಅರಿವೆ ಕಟ್ಟಿಕೊಂಡು ಕೊಡಲಿ ಮಸೆದ. ಮಸೆದು ತಂದು ರೇವಣನ ಕಾಲ ಬಳಿ ಹಾಕಿದ.

"ತಗೊ. ನಿಮ್ಮಪ್ಪಂದು."

"ಕಾಕಾ, ಆ ಮುತ್ಯಾ ನನಗ..."

"ಮುತ್ಯಾ ಅಂತ! ನಿಮ್ಮಪ್ಪನ ಕುತಗಿ ತೊಗಲಿನ ಮ್ಯಾಲ ನಿಂತಿತ್ತಲೇ. ಅದನ ಹೊಲದು ಸುಟ್ಟಿವಿ. ನಾಳೆ ಮುಂಜಾನೆ ಅಂವಾ ಹೊಲಕ್ಕ ಬರ್ತಾನ. ನಾನೂ ಬರ್ತೀನಿ. ಇಲ್ಲಂದ್ರ ನಿಮ್ಮವ್ವನ ಬಳಿ ತೊಟ್ಕೊಂಡು ಕುಂದ್ರು, ಊರ ಹೆಂಗಸೂರು ನಿನಗ ಉಡಿ ತುಂಬಲಿ."

ರೇವಣ ಕೊಡಲಿ ಎತ್ತಿಕೊಂಡ. ಅವನು ಅದನ್ನು ಬಾಗಿಲ ಮೂಲೆಗೆ ಒರಗಿಸಿದ್ದು ಕಾಶವ್ವನಿಗೆ ಒಲೆಯ ಮುಂದಿನಿಂದ ಕಂಡಿತು. ಅವಳು ರೊಟ್ಟಿ ಬಡಿದು ಇಬ್ಬರಿಗೂ ಹಾಕಿದಳು.

ನಸುಕಿನಲ್ಲಿ ಅವರೇಳುವ ಮೊದಲು ಅವಳು ಹೊಲದಲ್ಲಿದ್ದಳು. ಇಬ್ಬನಿ ಇತ್ತು. ಶಿವಗೊಂಡಪ್ಪ ಒಬ್ಬನೇ ಬಂದು ಸಾಲು ಹಿಡಿದಿದ್ದ. ಊರಲ್ಲಿದ್ದ ಪೊಲೀಸರು ಗುಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅವಳು ಬದು ದಾಟಿದಳು.

"ಕಾಶವ್ವ, ನೀನ್ಯಾಕ ಬಂದಿ?" ಎಂದ ಅವನು. ಆಮೇಲೆ ಸೆರಗಿನ ಕೆಳಗಿನ ಕೊಡಲಿಯ ಹಿಡಿ ನೋಡಿದ.

ಮೊದಲ ಏಟು ಸರಿಯಾಗಿ ಬೀಳಲಿಲ್ಲ. ರುಮಾಲಿಗೆ ಜಾರಿ ಕಪಾಳ ಸೀಳಿ ಹೋಯಿತು. ಅವನು ಕೂಗಿ ಅವಳ ಮುಂಗೈ ಹಿಡಿದ. ಮುದುಕನ ಹಿಡಿತದಲ್ಲಿ ಎಲುಬು ಕಟಕ್ಕೆಂದಿತು. ಇಬ್ಬರೂ ಕುಸುಬಿಯ ಮೇಲೆ ಬಿದ್ದರು. ಮುಳ್ಳು ಬೆನ್ನಿಗೆ, ಕೆನ್ನೆಗೆ, ಬಾಯಿಗೆ ನಟ್ಟವು. ಅವನ ಉಸಿರು ಅವಳ ಮುಖಕ್ಕೆ ಬಡಿಯುತ್ತಿತ್ತು.

"ಹುಡುಗ ಬರಾಕತ್ತಾನ," ಎಂದಳು ಅವಳು ಏದುತ್ತ. "ಅಂವಾ ಮುಟ್ಟೂದು ಬ್ಯಾಡ. ನಾ ಮಾಡಿದ್ರ ಮತ್ತ ಕೇಸು ಆಗತೈತಿ. ಶಿವಗೊಂಡಣ್ಣಾ, ಮತ್ತ ಕೇಸು ಆಗತೈತಿ."

ಅವನ ಹಿಡಿತ ಸಡಿಲಾಯಿತು. ತಾನಾಗಿ ಬಿಟ್ಟನೋ, ರಕ್ತಕ್ಕೆ ಕೈ ಜಾರಿತೋ, ಕಾಶವ್ವನಿಗೆ ಕೊನೆಗೂ ತಿಳಿಯಲಿಲ್ಲ. ಅವಳು ಕೊಡಲಿಯನ್ನು ಎಡಗೈಗೆ ತೆಗೆದುಕೊಂಡಳು. ಆಮೇಲೆ ಬಹಳ ಸಲ ಎತ್ತಬೇಕಾಯಿತು. ಎಡಗೈ ರೂಢಿಯಿಲ್ಲದ ಕೈ.

ಕೊಡಲಿ ಕಾಣದೆ ರೇವಣ ಕಾಕನಿಗಿಂತ ಮುಂಚೆ ಓಡಿಬಂದಾಗ ಅವಳು ಮುರಿದ ಮುಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಹೆಣದ ಪಕ್ಕ ಕುಳಿತಿದ್ದಳು. "ಹತ್ರ ಬರಬ್ಯಾಡ. ಪೊಲೀಸರನ ಕರಿ. ಮಣ್ಣ ಹಿಡ್ಯಾಕ ಹಿರ್‍ಯಾರನ ಕರಿ. ಓಡು."

ಅವನು ಓಡಿ ಗುಡಿಯ ಕಟ್ಟೆಯಲ್ಲಿದ್ದ ಪೊಲೀಸರಿಗೂ ಹಿರಿಯರಿಗೂ ಹೇಳಿದ, ಸುದ್ದಿ ಊರೆಲ್ಲ ಹಬ್ಬಿತು. ಅವರು ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಸತ್ತೆಪ್ಪನ ಮಂದಿ ಕಾಶವ್ವನ ಮನೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ್ದರು. ಹಿಂದೆ ಉಳಿದಿದ್ದ ದುಂಡಪ್ಪ ಅಡ್ಡ ಹೋದ. ಅವನ ಬಲಗೈಯ ಬೆರಳುಗಳು ಹೊಸ್ತಿಲ ಮೇಲೆ ಉದುರಿದವು. ಸತ್ತೆಪ್ಪ ಬೀದಿಯಲ್ಲಿ ರೇವಣನ ಜುಟ್ಟು ಹಿಡಿದು ಕುತ್ತಿಗೆ ಹಿಂದಕ್ಕೆ ಬಗ್ಗಿಸಿದ್ದ, ಕುಡಗೋಲು ಗಂಟಲಿಗೆ ತಾಗಿ ತೊಗಲು ಬಿಚ್ಚಿತ್ತು. ಆಗ ಹಿರಿಯರು ಬೊಗಸೆಯಲ್ಲಿ ಹಸಿ ಮಣ್ಣು ಹಿಡಿದು ಬಂದರು. "ಕೇಸು ಆಗೈತಿ! ಪೊಲೀಸರು ಬರಕೊಂಡಾರ! ಮಣ್ಣ ಮುಟ್ಟೋ ಸತ್ತೆಪ್ಪಾ!"

ಸತ್ತೆಪ್ಪ ತಿರುಗಿ ನೋಡಿದ. ಅಪ್ಪನ ರಕ್ತದ ಮಣ್ಣು ಅದು. ಕುಡಗೋಲು ಒಗೆದು, ಮಣ್ಣಿಗೆ ಕೈ ಹಚ್ಚಿ, ಸುಟ್ಟ ಮನೆಯ ಮುಂದೆ ಬಾಯಿಬಡಿದುಕೊಂಡ. ರೇವಣನೂ ಅದೇ ಬೊಗಸೆಗೆ ಕೈ ಹಚ್ಚಿದ.

*

ಸರ್ಕಾರಿ ವಕೀಲರಿಗೆ ಈ ಹೊಸ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯಾಗಿ ಬೇಕಾದವಳು ಸೌದಾಮಿನಿ. ಕೊಲೆ ಕಂಡವರು ಯಾರೂ ಇರಲಿಲ್ಲ. ಕೊಲೆಯಾಗುತ್ತದೆಂದು ಕಾಶವ್ವ ಮೊದಲೇ ಹೇಳಿದ್ದು ಇವಳ ಮುಂದೆ. ಸರದಿ ಈ ಕೇಸನ್ನು 'ಸಣ್ಣ ಗಂಟು' ಎಂದು ಗುರುತಿಸಿ ಮುಂದಿನ ತಿಂಗಳಲ್ಲೇ ಮುಗಿಸಲು ಇಟ್ಟಿತು.

ಸೌದಾಮಿನಿ ಜೈಲಿಗೆ ಹೋಗಿ ಕಾಶವ್ವನನ್ನು ಕಂಡಳು. ಮುಂಗೈಗೆ ಪಟ್ಟಿ ಹಾಕಿದ್ದರು. ಕೆನ್ನೆಯಲ್ಲಿ ಮುಳ್ಳು ಕೀವಾಗಿತ್ತು.

"ನೀವು ತಪ್ಪು ಒಪ್ಪಿಕೊಂಡಿಲ್ಲವಂತೆ."

"ಒಪ್ಪಿದ್ರ ಅವತ್ತ ಪೈಸಲಾ ಅಲ್ರಿ? ನಾ ಯಾಕ ಒಪ್ಪಲಿ? ನಾ ಇಲ್ಲೆ ಇರ್ತೀನಿ. ಕೇಸು ಇರೂತನಕ ರೇವಣ ಇರ್ತಾನ."

"ಅದು ಬೇಗ ಮುಗಿಯುತ್ತದೆ. ನನ್ನ ಕೈಯಲ್ಲಿ ನಿಲ್ಲಿಸೋಕಾಗಲ್ಲ. ನ್ಯಾಯಾಧೀಶರನ್ನೂ ಕೇಳಿ ನೋಡಿದೆ."

ಕಾಶವ್ವ ಕಂಬಿಯ ಆಚೆಯಿಂದ ಅವಳನ್ನು ದಿಟ್ಟಿಸಿದಳು. ಸಿಟ್ಟೇನೂ ಇರಲಿಲ್ಲ. "ಒಂದ ವಾಯಿದೆ ಕೇಳಾಕ ಬಂದಿದ್ದೆ. ನೀವು ಕೊಟ್ಟಿದ್ರ ಅಂವಾ ಇವತ್ತ ಕುಸುಬಿ ಬಡೀತಿದ್ದ. ಆ ವಾಯಿದೆ ನಿಮ್ಮ ಮ್ಯಾಲ ಬಾಕಿ ಐತ್ರಿ ಬಾಯಾರ."

ಸಾಕ್ಷಿಯ ದಿನ ಸೌದಾಮಿನಿ ಸ್ನಾನ ಮಾಡಿ, ಸೀರೆ ಉಟ್ಟು, ಹಾಗೆಯೇ ಮಂಚದ ಮೇಲೆ ಕುಳಿತುಬಿಟ್ಟಳು. ಜೀಪು ಎಷ್ಟಕ್ಕೆ ಬರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳ ತಾಯಿ ಬಾಗಿಲಲ್ಲಿ ನಿಂತಳು.

"ಹೊತ್ತಾಯಿತಲ್ಲ?"

"ನಾನು ಹೋಗುವುದಿಲ್ಲ ಅಮ್ಮ."

ತಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನನ್ನ ತಮ್ಮ ಸತ್ತದ್ದು ಇದರಿಂದಲೇ. ಬರಬೇಕಾದವರು ಮನೆಯಲ್ಲಿ ಕೂತರು. ಇವತ್ತು ನಿನ್ನಂಥವಳು ಕೂತರೆ ಒಳಗಿರುವ ಇನ್ಯಾವನೋ ಕಣ್ಣು ಕಳಕೊಳ್ಳುತ್ತಾನೆ."

"ಗೊತ್ತು."

"ಗೊತ್ತಿದ್ದೂ?"

ಸೌದಾಮಿನಿ ಗಡಿಯಾರ ನೋಡಿದಳು. ಬೀದಿಯಲ್ಲಿ ಜೀಪು ನಿಂತಿತು. ಬೂಟಿನ ಸಪ್ಪಳ ಮೆಟ್ಟಿಲೇರಿತು, ಬಾಗಿಲು ಬಡಿದರು. ತಾಯಿ ಮಗಳ ಮುಖ ನೋಡಿದಳು. ಇನ್ನೊಮ್ಮೆ ಬಡಿದರು. ತಾಯಿಯೇ ಹೋಗಿ ಬಾಗಿಲನ್ನು ಅರ್ಧ ತೆರೆದು, "ಊರಲ್ಲಿಲ್ಲ," ಎಂದಳು.

ಕೋರ್ಟಿನಲ್ಲಿ ಜವಾನ ಪಡಸಾಲೆಗೆ ಬಂದು ಹೆಸರು ಕೂಗಿದ. ಎರಡು ವರ್ಷದಿಂದ ಇಂಥ ಕೂಗಿಗೆ ಉತ್ತರ ಬರದೇ ಇದ್ದದ್ದಿರಲಿಲ್ಲ. ಮತ್ತೊಮ್ಮೆ ಕೂಗಿದ. ಗೋಡೆಗೆ ಒರಗಿ ಒಂದು ಕಡೆ ಸತ್ತೆಪ್ಪ, ಇನ್ನೊಂದು ಕಡೆ ಗಂಟಲಿಗೆ ಹೊಲಿಗೆ ಹಾಕಿಸಿಕೊಂಡ ರೇವಣ ಕುಳಿತಿದ್ದರು. ಒಳಗೆ ನ್ಯಾಯಾಧೀಶರು ಸಿಟ್ಟಿನಿಂದ ಮೇಜು ಕುಟ್ಟಿ ವಾರಂಟಿಗೆ ಹೇಳಿದರು. ಸರ್ಕಾರಿ ವಕೀಲರು ಆ ಸಾಕ್ಷಿಯಿಲ್ಲದೆ ಮುಂದೆ ಹೋಗಲಾಗದೆಂದರು. ಬೇರೆ ದಾರಿಯಿರಲಿಲ್ಲ, ಮಳೆಗಾಲದಾಚೆಗೆ ಒಂದು ದಿನ ಬಿತ್ತು.

"ಮುಟ್ಟಿತು," ಎಂದಳು ಕಟಕಟೆಯಲ್ಲಿದ್ದ ಕಾಶವ್ವ.

"ಏನು ಮುಟ್ಟಿತು?" ಎಂದರು ನ್ಯಾಯಾಧೀಶರು.

"ಏನಿಲ್ರಿ ಸಾಹೇಬ್ರ."

ಹೊರಗೆ ಸತ್ತೆಪ್ಪ ಎದ್ದು, ಹಲ್ಲಿಲ್ಲದ ಸಂದಿಯಿಂದ ಉಗುಳಿದ. ರೇವಣನ ಮುಖವನ್ನು ನೋಡದೆಯೇ, "ಏಳಲೇ," ಎಂದ. "ಊರ ಬಸ್ಸು ಹೋದೀತು."